ಎರ್ನಾನಿಯ ಕೊಂಬು

ಫ್ರೆಂಚ್ ಕವಿ ವಿಕ್ಟರ್ ಹ್ಯೂಗೋವಿನ ‘ಎರ್ನಾನಿ’ ನಾಟಕವು 1830ನೆಯ ಇಸವಿ ಫೆಬ್ರವರಿ 25ರಂದು ಪ್ಯಾರಿಸ್ ನಗರದಲ್ಲಿ ಮೊದಲು ಪ್ರಯೋಗವಾದಾಗ ಪ್ರೇಕ್ಷಕರು ಎರಡು ಪಕ್ಷವಾಗಿ ಕಾದಾಡಿದರೆಂಬುದು ಪ್ರಸಿದ್ಧವಾದ ಸಂಗತಿಯು. ಮೊದಲನೆಯ ಪಾದದ ಅರ್ಥವು ಪಾದಾಂತದಲ್ಲಿ ನಿಲ್ಲದೆ ಮುಂದಿನ ಪಾದಕ್ಕೆ ಹರಿದುದೇ ಪ್ರಾಚೀನಪಕ್ಷದವರಿಗೆ ಮಹಾಪರಾಧವಾಗಿ ತೋರಿತು. ಪಂಪರನ್ನರ ಪದ್ಯಗಳಲ್ಲಿ ಅರ್ಥವು ಪಾದವನ್ನು ದಾಟಿ ಹರಿಯುವುದನ್ನು ಕಂಡಿರುವ ನಮಗೆ ಈ ಕಲಹವು ನಗೆಯನ್ನೇ ತರಿಸೀತು. ಅದಂತಿರಲಿ.

ದೋನ್ಯಾ ಸೋಲ್ ಎಂಬ ಕನ್ಯೆಯನ್ನು ಮೂವರು ಬಯಸುವರು. ಅವರಲ್ಲಿ ಎರ್ನಾನಿಯು, ತನ್ನ ತಂದೆಯನ್ನು ಕೊಲ್ಲಿಸಿದ ರಾಜವಂಶದ ಮೇಲೆ ಹಗೆ ತೀರಿಸಲು ಬೆಟ್ಟವನ್ನು ಸೇರಿ ದರೋಡೆಗಾರರ ನಾಯಕನಾದವನು. ಎರಡನೆಯವನು ಸ್ಪೇನಿನ ರಾಜ ಡಾನ್ ಕಾರ್ಲೋಸ್. ಮೂರನೆಯವನು ಅವಳ ಬಂಧುವೂ ನಿಶ್ಚಿತವರನೂ ಆದ ವೃದ್ಧ ರೂಯ್ ಗೋಮೆಜ್. ಅವಳ ಮನಸ್ಸು ಎರ್ನಾನಿಯಲ್ಲಿ. ಮೊದಲನೆಯ ಅಂಕದಲ್ಲಿ ರಾಜನು ಬೀರುವಿನೊಳಗೆ ಅಡಗಿ ಕುಳಿತಿರುವುದು ಪ್ರಹಸನಕ್ಕೆ ತಕ್ಕುದೇ ಹೊರತು ಇಂತಹ ಗಂಭೀರ ನಾಟಕಕ್ಕಲ್ಲ.

ಮೂರನೆಯ ಅಂಕದಲ್ಲಿ ಕವಿಯು ನಿಜವಾಗಿ ಎಚ್ಚರಗೊಳ್ಳುವನು. ಮನೆಗೆ ಬಂದ ಅತಿಥಿಯೆಂಬ ಒಂದೇ ಕಾರಣದಿಂದ ವೃದ್ಧನು ತನ್ನ ಪ್ರತಿಸ್ಪರ್ಧಿಯಾದ ಎರ್ನಾನಿಯನ್ನು ರಾಜನಿಗೊಪ್ಪಿಸದೆ ಕಾಯುವನು. ರಾಜನು ಕನ್ಯೆಯನ್ನು ಒತ್ತೆಯಾಗಿ ಒಯ್ಯುವನು. ಋಣಕ್ಕೆ ಸಿಲುಕಿದ ಎರ್ನಾನಿಯು ತನ್ನ ಕೊಂಬನ್ನು ವೃದ್ಧನ ಕೈಗಿತ್ತು, ಅದನ್ನು ಊದಿದ ಗಳಿಗೆಯಲ್ಲಿ ಪ್ರಾಣವನ್ನೊಪ್ಪಿಸುವೆನೆಂದು ತಂದೆಯ ತಲೆಯ ಮೇಲೆ ಆಣೆಯಿಡುವನು. ಐದನೆಯ ಅಂಕದ ವಿವಾಹರಾತ್ರಿಯಲ್ಲಿ ಆ ಕೊಂಬೇ ಮೊಳಗುವುದು.

ಈ ಸಾವಿಗೆ ಮುದುಕನ ಕ್ರೌರ್ಯವೇ ಕಾರಣವೆಂದು ಕೆಲವರು, ವಿಧಿಯೆಂದು ಕೆಲವರು ಹೇಳುವರು. ನಮಗೆ ಇವೆರಡೂ ಸಮ್ಮತವಲ್ಲ. ನಾಲ್ಕನೆಯ ಅಂಕವನ್ನು ಮರೆತವರು ಮಾತ್ರ ಹೀಗೆನ್ನಬಲ್ಲರು. ಶಾರ್ಲಮೇನ್ ಚಕ್ರವರ್ತಿಯ ಸಮಾಧಿಯ ಬಳಿ ಸೇರಿದ ಒಳಸಂಚುಗಾರರು ರಾಜನನ್ನು ಕೊಲ್ಲುವವನಾರೆಂದು ಚೀಟಿಯೆತ್ತಲು, ಎರ್ನಾನಿಯ ಹೆಸರು ಬರುವುದು. ಆ ಹಕ್ಕನ್ನು ತನಗೆ ಬಿಟ್ಟುಕೊಟ್ಟರೆ ಕೊಂಬನ್ನು ಹಿಂದಿರುಗಿಸುವೆನೆಂದು ವೃದ್ಧನು ಬೇಡುವನು. ಎರ್ನಾನಿಯು ಒಲ್ಲೆನೆನ್ನುವನು! ಒಂದು ಕೈಯಲ್ಲಿ ಪ್ರಿಯೆಯೊಡನೆ ಬಾಳುವ ಬದುಕು, ಇನ್ನೊಂದರಲ್ಲಿ ಹಗೆ. ಅವನು ಆರಿಸಿದುದು ಹಗೆಯನ್ನು. ಅದೇ ಅಂಕವು ಮುಗಿಯುವುದರೊಳಗೆ ಚಕ್ರವರ್ತಿಪದವಿಗೇರಿದ ಕಾರ್ಲೋಸನು ಅವನನ್ನು ಕ್ಷಮಿಸಿ, ದೋನ್ಯಾ ಸೋಲಳನ್ನೂ ಕೊಡಲು, ಹಗೆಯು ಮಂಜಿನಂತೆ ಕರಗುವುದು. ಪ್ರಾಣವನ್ನು ತೆತ್ತು ಕೊಂಡ ವಸ್ತುವು ಒಂದು ಗಳಿಗೆಯೂ ಬಾಳಲಿಲ್ಲ. ತೆತ್ತ ಬೆಲೆ ಮಾತ್ರ ಹಿಂದಿರುಗಲಿಲ್ಲ.

ಕಾಳಿದಾಸನ ಶಾಕುಂತಲದಲ್ಲಿಯೂ ಒಂದು ಸಣ್ಣ ವಸ್ತುವಿನ ಮೇಲೆ ಪ್ರೇಮದ ಭಾರವೆಲ್ಲ ನಿಂತಿದೆ. ಕಳೆದುಹೋದ ಉಂಗುರವು ದೊರೆತಾಗ ಮರವೆ ಹರಿಯುವುದು. ಇಲ್ಲಿ ಕೊಂಬು ತನ್ನ ಒಡೆಯನನ್ನು ನೆನೆದಾಗ ಬದುಕೇ ಹರಿಯುವುದು. ಪುನಸ್ಸಮಾಗಮದ ಆಶೆಯುಳ್ಳವರೆಗೆ ವಿಪ್ರಲಂಭ, ಆಶೆಯಳಿದರೆ ಕರುಣವೆಂದು ನಮ್ಮ ಆಲಂಕಾರಿಕರು ಗೆರೆಯೆಳೆದಿರುವರು. ದೋನ್ಯಾ ಸೋಲಳು ಆ ಗೆರೆಯ ಮೇಲೆಯೇ ನಿಲ್ಲುವಳು. ಆಣೆಯಿಟ್ಟವಳು ಅವಳಲ್ಲ, ಆದರೂ ವೃದ್ಧನನ್ನು ಬೆದರಿಸಿ, ಬೇಡಿ, ಯಾವುದೂ ಫಲಿಸದಿರಲು ವಿಷದ ಸೀಸೆಯನ್ನು ಕಸಿದು ತಾನೇ ಮೊದಲು ಕುಡಿದು, ಉಳಿದರ್ಧವನ್ನು ಪತಿಗೆ ನೀಡುವಳು. ನಾಟಕದ ಧೀರತ್ವವೆಲ್ಲ ಇವಳಲ್ಲಿದೆಯೆಂದು ನಮ್ಮ ಮತವು.

ಆದರೆ ನಮ್ಮನ್ನು ಬಹಳ ಹೊತ್ತು ಕಾಡುವುದು ವಿಷಪಾನವಲ್ಲ, ಅದಕ್ಕೆ ಸ್ವಲ್ಪ ಮುಂಚಿನ ಸನ್ನಿವೇಶ. ಉತ್ಸವದ ದೀಪಗಳಾರಿ, ರಾತ್ರಿಯು ನಿಶ್ಶಬ್ದವಾಗಿರುವಾಗ, ಈ ಮೌನವು ಅತಿಯಾಯಿತು, ಎಲ್ಲಿಯಾದರೂ ಹಕ್ಕಿಯೋ ಕೊಳಲೋ ದನಿಗೈಯಬಾರದೆ ಎಂದು ನವವಧುವು ಹಂಬಲಿಸುವಳು. ಆಗ ದೂರದಲ್ಲಿ ಕೊಂಬಿನ ದನಿ ಕೇಳುವುದು. ತನ್ನ ಬಯಕೆ ಕೈಗೂಡಿತೆಂದು ಅವಳು ಹಿಗ್ಗುವಳು.