ಆ ಐದು ಪೆಸೊ

ಪುಣೆಯ ನಮ್ಮ ಓದುಬಳಗದಲ್ಲಿ ಗ್ರಹಾಂ ಗ್ರೀನ್‌ನ ‘ದ ಪವರ್ ಅಂಡ್ ದ ಗ್ಲೋರಿ’ ಚರ್ಚೆಗೆ ಬಂದ ಭಾನುವಾರ, ಎದುರಿಗಿದ್ದ ಚಹಾ ಆರಿಹೋಗುವಷ್ಟು ಜಗಳವಾಯಿತು. ಹುಬ್ಬಳ್ಳಿಯ ಗೆಳೆಯರೊಬ್ಬರ ತಕರಾರು ನೇರವಾಗಿತ್ತು: “ಕುಡುಕ, ಅಂಜುಬುರುಕ, ಮೇಲೆ ಒಂದು ಮಗುವಿನ ತಂದೆ ಬೇರೆ. ಇಂಥ ಪಾದ್ರಿಯನ್ನ ಹುತಾತ್ಮ ಅಂತ ಒಪ್ಪಬೇಕೇನ್ರಿ?” ನಾನು ಕ್ರೈಸ್ತರ ಮನೆಯಲ್ಲಿ ಹುಟ್ಟಿದವನಾದ್ದರಿಂದ ಎಲ್ಲರೂ ನನ್ನ ಮುಖ ನೋಡಿದರು. ಆವತ್ತು ಏನೋ ತಡವರಿಸಿ ಸುಮ್ಮನಾದೆ. ಹೇಳಬೇಕಾಗಿದ್ದನ್ನು ಈಗ ಬರೆಯುತ್ತಿದ್ದೇನೆ.

ಕಾದಂಬರಿ ಬಂದದ್ದು 1940ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು ಗ್ರೀನ್ ಮೆಕ್ಸಿಕೊ ಸುತ್ತಿ ಬಂದಿದ್ದ. ಅಲ್ಲಿನ ತಬಾಸ್ಕೊ ರಾಜ್ಯದಲ್ಲಿ ಗವರ್ನರ್ ಗರೀದೊ ಕನಬಾಲ್‌ನ ಆಳ್ವಿಕೆಯಲ್ಲಿ ಚರ್ಚುಗಳನ್ನು ಕೆಡವಿದ್ದರು, ಪಾದ್ರಿಗಳು ಮದುವೆಯಾಗಬೇಕೆಂದು ಕಾನೂನು ಮಾಡಿದ್ದರು, ಮದ್ಯಕ್ಕೂ ನಿಷೇಧ ಹಾಕಿದ್ದರು. ಕಾದಂಬರಿಯಲ್ಲಿ ಅಂಥ ನಾಡಿನಲ್ಲಿ ಹೆಸರಿಲ್ಲದ ಪಾದ್ರಿಯೊಬ್ಬ ಕದ್ದುಮುಚ್ಚಿ ಪೂಜೆ ಅರ್ಪಿಸುತ್ತ, ಬ್ರಾಂದಿ ಹುಡುಕುತ್ತ ಓಡುತ್ತಾನೆ. ಅವನ ಬೆನ್ನು ಹತ್ತಿದವನು ಹೆಸರಿಲ್ಲದ ಒಬ್ಬ ಪೊಲೀಸ್ ಲೆಫ್ಟಿನೆಂಟ್. 1953ರಲ್ಲಿ ವ್ಯಾಟಿಕನ್ ಈ ಪುಸ್ತಕಕ್ಕೆ ಆಕ್ಷೇಪ ಎತ್ತಿತು. ನಮ್ಮ ಹುಬ್ಬಳ್ಳಿಯವರು ಒಂಟಿಯಲ್ಲ ಅನ್ನಿ.

ಆದರೆ ಕುಡುಕನಲ್ಲೂ ದೇವರು ಕೆಲಸ ಮಾಡಿಯಾನೇ ಎಂಬುದು ಈ ಪುಸ್ತಕದ ಸುಲಭದ ಪ್ರಶ್ನೆ. ಅದಕ್ಕೆ ಉತ್ತರವನ್ನು ಗ್ರೀನ್ ತಾನೇ ಕೊಟ್ಟುಬಿಡುತ್ತಾನೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ: ಈ ಕುಡುಕ ಯಾರಲ್ಲಿ ದೇವರ ಕೆಲಸವನ್ನು ಕಾಣುತ್ತಾನೆ?

ಜೈಲಿನ ರಾತ್ರಿಯನ್ನೇ ನೋಡಿ. ಬ್ರಾಂದಿ ಇಟ್ಟುಕೊಂಡ ತಪ್ಪಿಗೆ ಅವನನ್ನು ಕಾಲು ಚಾಚಲೂ ಜಾಗವಿಲ್ಲದ ಕತ್ತಲ ಕೋಣೆಗೆ ನೂಕಿದ್ದಾರೆ. ತಾನು ಪಾದ್ರಿ, ತನ್ನ ತಲೆಗೆ ಬೆಲೆ ಕಟ್ಟಿದ್ದಾರೆ ಎಂದು ಅಲ್ಲಿ ಅವನೇ ಬಾಯಿ ಬಿಡುತ್ತಾನೆ. ಕಳ್ಳರು, ಕೊಲೆಗಾರರು ಇರುವ ಆ ಕೋಣೆಯಲ್ಲಿ ಹಣಕ್ಕಾಗಿ ಒಬ್ಬರೂ ಅವನನ್ನು ಹಿಡಿದುಕೊಡುವುದಿಲ್ಲ. ಅವನನ್ನು ಹೀಗಳೆಯುವವಳು ಒಬ್ಬಳೇ, ಧಾರ್ಮಿಕ ಪುಸ್ತಕ ಇಟ್ಟುಕೊಂಡಳೆಂದು ಜೈಲಿಗೆ ಬಂದ ಭಕ್ತೆ. ಕತ್ತಲಲ್ಲಿ ಕೂಡುತ್ತಿರುವ ಜೋಡಿಯೊಂದನ್ನು ಕಂಡು ಅವಳಿಗೆ ಅಸಹ್ಯ. ಪಾದ್ರಿ ಅವಳನ್ನು ಸಮಾಧಾನ ಮಾಡಹೋಗಿ ಸೋಲುತ್ತಾನೆ. ಆ ಕೊಳಕು ಕೋಣೆಯ ಜನರ ಮೇಲೆ ಅವನಿಗೆ ಉಕ್ಕುವ ಅಕ್ಕರೆ ಅವಳ ಬಗ್ಗೆ ಮಾತ್ರ ಹುಟ್ಟಲು ತಿಣುಕುತ್ತದೆ. ಅವನಿಗೆ ಕಷ್ಟವಾದದ್ದು ಪಾಪಿಯನ್ನು ಪ್ರೀತಿಸುವುದಲ್ಲ, ಸಜ್ಜನಳನ್ನು. ಇದನ್ನು ಬರೆಯಲು ಧೈರ್ಯ ಬೇಕು.

ಬೆಳಗಾದ ಮೇಲೆ ಗುರುತು ಹಿಡಿಯದ ಲೆಫ್ಟಿನೆಂಟ್, ಯಾರೋ ಬಡ ಮುದುಕನೆಂದುಕೊಂಡು ಬಿಡುಗಡೆ ಮಾಡುವಾಗ ಅವನ ಕೈಗೆ ಐದು ಪೆಸೊ ಇಡುತ್ತಾನೆ. ಒಂದು ಪೂಜೆಗೆ ಭಕ್ತರು ಕೊಡುವ ಕಾಣಿಕೆಯೂ ಅಷ್ಟೇ. ಪಾದ್ರಿ ಬೆರಗಾಗಿ, ನೀವು ಒಳ್ಳೆಯವರು ಅನ್ನುತ್ತಾನೆ. ಕಪೆರ್ನೌಮಿನ ಶತಾಧಿಪತಿಯನ್ನು ಕಂಡು ಯೇಸು ಬೆರಗಾದ ಪ್ರಸಂಗ ನೆನಪಾಯಿತು. ಇಲ್ಲೂ ಶತ್ರುಪಡೆಯ ಅಧಿಕಾರಿಯೇ. ಆದರೆ ಆ ರೋಮನ್ನನಿಗೆ ನಂಬಿಕೆ ಇತ್ತು, ಇವನಿಗೆ ದೇವರೇ ಇಲ್ಲ. ಕೊನೆಗೆ ಮರಣದಂಡನೆಯ ಹಿಂದಿನ ರಾತ್ರಿ ಇದೇ ನಾಸ್ತಿಕ, ಕೈದಿಯ ಪಾಪನಿವೇದನೆ ಕೇಳಲು ಬನ್ನಿ ಎಂದು ಮದುವೆಯಾಗಿ ಬದುಕುಳಿದ ಪಾದ್ರಿ ಹೊಸೆಯ ಬಾಗಿಲಿಗೆ ಹೋಗುತ್ತಾನೆ. ಹೊಸೆ ಹೆಂಡತಿಗೆ ಹೆದರಿ ಬರುವುದಿಲ್ಲ. ಲೆಫ್ಟಿನೆಂಟ್ ಬ್ರಾಂದಿ ಹಿಡಿದು ಒಬ್ಬನೇ ಹಿಂದಿರುಗುತ್ತಾನೆ. ಕಾನೂನು ಮುರಿದು ತಂದ ಆ ಬ್ರಾಂದಿಯನ್ನು ನಾನು ಇನ್ನೂ ಮರೆತಿಲ್ಲ.

ಇಷ್ಟು ಕಂಡ ಗ್ರೀನ್ ಎರಡು ಕಡೆ ಎಡವಿದ್ದಾನೆ. ಪಾದ್ರಿಯನ್ನು ಹಿಡಿದುಕೊಡುವ ಮೆಸ್ಟಿಜೊ, ಎಂದರೆ ಮಿಶ್ರಕುಲದವನು, ಪುಟ ಪುಟದಲ್ಲೂ ಎರಡು ಹಳದಿ ಹಲ್ಲು ತೋರಿಸುತ್ತ ಬರುತ್ತಾನೆ. ಕ್ರಿಸ್ತ ಇವನಿಗಾಗಿಯೂ ಸತ್ತ ಎಂದು ಪಾದ್ರಿಗೆ ಹೊಳೆಯುತ್ತದೆ, ಲೇಖಕನಿಗೆ ಮಾತ್ರ ಹಲ್ಲಿನಿಂದಾಚೆ ಕಣ್ಣು ಹೋಗುವುದಿಲ್ಲ. ಇನ್ನೊಂದು, ಲೆಫ್ಟಿನೆಂಟನನ್ನು ಮೆಚ್ಚಿದ್ದ ಹುಡುಗ ಲೂಯಿಸ್ ಕಡೆಗೆ ಅವನ ರಿವಾಲ್ವರಿನ ಮೇಲೆ ಉಗುಳುವುದು. ಹುಡುಗ ಮನಸ್ಸು ತಿರುಗಿಸಿದ್ದು ಸಹಜವೇ. ಆದರೆ ಲೆಫ್ಟಿನೆಂಟನ ಒಳ್ಳೆಯತನಕ್ಕೆ ಇದ್ದ ಒಬ್ಬನೇ ಸಾಕ್ಷಿ ಗುಂಡಿಗೆ ಬಲಿಯಾಗಿದ್ದಾನೆ. ಅದನ್ನು ಬಲ್ಲ ಓದುಗನನ್ನೂ ಗ್ರೀನ್ ಹುಡುಗನ ಪಕ್ಕದಲ್ಲೇ ನಿಲ್ಲಿಸಿ ಪುಸ್ತಕ ಮುಚ್ಚುತ್ತಾನೆ.

ಇದನ್ನೆಲ್ಲ ನಾನು ಆವತ್ತೇ ಹೇಳಬಹುದಿತ್ತು. ತಡವರಿಸಿದ್ದಕ್ಕೆ ಕಾರಣ ಬೇರೆ. ನಮ್ಮೂರ ಚರ್ಚಿನಲ್ಲಿ ಒಬ್ಬ ಉಪದೇಶಿ ಇದ್ದರು. ಸಂಜೆಯಾದರೆ ಬಾಯಿ ವಾಸನೆ ಹೊಡೆಯುತ್ತಿತ್ತು, ಜಪ ಹೇಳಿಕೊಡುವಾಗ ನಾವು ಮಕ್ಕಳು ಮೂಗು ಹಿಡಿದು ನಗುತ್ತಿದ್ದೆವು. ಊರಲ್ಲಿ ಯಾರೇ ಸತ್ತರೂ, ಯಾವ ಜಾತಿಯವರಾದರೂ, ಹೊತ್ತಲ್ಲದ ಹೊತ್ತಿನಲ್ಲಿ ಮೊದಲು ಬಂದು ಹೆಣಕ್ಕೆ ಸ್ನಾನ ಮಾಡಿಸುತ್ತಿದ್ದವರೂ ಅವರೇ. ಅವರನ್ನು ತೆಗೆದುಹಾಕಬೇಕೆಂದು ಊರವರು ಅರ್ಜಿ ಬರೆದರು. ನಾನಾಗ ಎಂಟನೇ ಕ್ಲಾಸು. ನನ್ನ ಕೈಬರಹ ಚೆನ್ನಾಗಿದೆಯೆಂದು ಅಪ್ಪ ಅದನ್ನು ನನ್ನಿಂದಲೇ ಬರೆಸಿದರು. ಸಹಿ ಹಾಕಿಸಲು ಮನೆಮನೆಗೆ ಹೋದವನೂ ನಾನೇ. ಉಪದೇಶಿಯ ಮನೆ ಮುಂದೆ ಹಾಯುವಾಗ ಅವರು ಜಗಲಿಯಲ್ಲಿ ಕೂತಿದ್ದರು. ಕೈಯಲ್ಲಿದ್ದ ಕಾಗದ ನೋಡಿ, “ಓದೋಕೆ ಹೊರಟೆಯೇನೋ ಮಗಾ, ಬಿಸಿಲು ಜಾಸ್ತಿ ಇದೆ, ನೀರು ಕುಡಿದು ಹೋಗು” ಅಂದರು. ಕುಡಿದೇ ಹೋದೆ.