‘ರಾಸಾಯನಿಕ ಮುಕ್ತ’ ಎಂಬ ಮಾತಿಗೆ ಅರ್ಥವೇನು?

ಮಡಿಕೇರಿ–ವಿರಾಜಪೇಟೆ ರಸ್ತೆಯ ಮೇಲಿರುವ ನಮ್ಮ ಮೂರ್ನಾಡಿನಂಥ ಸಣ್ಣ ಪೇಟೆಯಲ್ಲೂ ಈಗ ಸೋಪು, ಕ್ರೀಮು, ಫೇಸ್‌ಪ್ಯಾಕ್‌ಗಳ ಸಾಲು ಉದ್ದವಾಗಿದೆ. ಡಬ್ಬಿಗಳ ಮೇಲೆ ಅರಿಸಿನ, ಲೋಳೆಸರ, ಜೇನು, ಕೇಸರಿಗಳ ಚಿತ್ರ. ಪಕ್ಕದಲ್ಲಿ ‘ನೂರಕ್ಕೆ ನೂರು ನೈಸರ್ಗಿಕ’, ‘ರಾಸಾಯನಿಕ ಮುಕ್ತ’ ಎಂಬ ಘೋಷಣೆ. ಪತ್ರಿಕೆಗಳ ಸೌಂದರ್ಯ ಪುಟಗಳೂ ಮೊಬೈಲಿನ ಕಿರು ವಿಡಿಯೋಗಳೂ ಇದೇ ಧಾಟಿಯಲ್ಲಿ ಚರ್ಮದ ದಿನಚರಿಯನ್ನು ಹೇಳಿಕೊಡುತ್ತವೆ: ಬೆಳಗ್ಗೆ ನಿಂಬೆರಸ, ಸಂಜೆ ಜೇನು, ರಾತ್ರಿ ಕೊಬ್ಬರಿ ಎಣ್ಣೆ. ನಮ್ಮ ವಿದ್ಯಾರ್ಥಿಗಳು ಇದನ್ನೆಲ್ಲ ಓದುತ್ತಾರೆ, ನಂಬುತ್ತಾರೆ, ಮುಖಕ್ಕೆ ಹಚ್ಚಿಕೊಳ್ಳುತ್ತಾರೆ. ಆದ್ದರಿಂದ ಈ ಬಗೆಯ ಸಲಹೆಗಳನ್ನು ವಿಜ್ಞಾನದ ಕಣ್ಣಿನಿಂದ ಒಮ್ಮೆ ಪರಿಶೀಲಿಸುವುದು ಅಗತ್ಯ.

‘ನೀರೂ ಒಂದು ರಾಸಾಯನಿಕವೇ’ ಎಂದು ಹೇಳಿ ಚರ್ಚೆಯನ್ನು ಮುಗಿಸುವುದು ಸುಲಭ. ಆದರೆ ಕೊಳ್ಳುವವರ ಆತಂಕ ಅದರಿಂದ ನೀಗದು. ಗಿಡದಿಂದ ಬಂದದ್ದು ಹಿತ, ಕಾರ್ಖಾನೆಯಲ್ಲಿ ತಯಾರಾದದ್ದು ಅಹಿತ ಎಂಬುದು ಅವರ ಎಣಿಕೆ. ವಸ್ತುವಿನ ಮೂಲ ತಿಳಿದರೆ ಅದರ ಗುಣ ತಿಳಿದಂತಾಗುತ್ತದೆಯೇ? ಪರೀಕ್ಷಿಸಬೇಕಾದ ಪ್ರಶ್ನೆ ಇದು.

ನಮ್ಮ ನಾಡಿನದೇ ಉದಾಹರಣೆ ತೆಗೆದುಕೊಳ್ಳೋಣ. ಮೊದಲ ಮಹಾಯುದ್ಧದಿಂದ ಶ್ರೀಗಂಧದ ರಫ್ತು ನಿಂತಾಗ ಮೈಸೂರು ಸಂಸ್ಥಾನ 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆ ಆರಂಭಿಸಿತು. ಆ ಎಣ್ಣೆಯನ್ನು ಸೇರಿಸಿ ಸೋಪು ತಯಾರಿಸುವ ಕೆಲಸದ ಹಿಂದೆ ಸೋಸಲೆ ಗರಳಪುರಿ ಶಾಸ್ತ್ರಿಯವರಂಥ ರಸಾಯನವಿಜ್ಞಾನಿಯ ಶ್ರಮವಿತ್ತು. ಗಂಧದ ಮರ ನಿಸರ್ಗದ್ದು. ಅದರ ಎಣ್ಣೆಯನ್ನು ಪಡೆಯುವುದು ಬಟ್ಟಿ ಇಳಿಸುವ ಕ್ರಿಯೆಯಿಂದ. ಪರಿಮಳಕ್ಕೆ ಕಾರಣ ಸ್ಯಾಂಟಲಾಲ್ ಎಂಬ ಅಣುಗಳು. ಸೋಪಾಗುವುದು ಎಣ್ಣೆಯೊಡನೆ ಕಾಸ್ಟಿಕ್ ಸೋಡ ವರ್ತಿಸಿದಾಗ. ಇಂದು ಮನೆಯಲ್ಲಿ ಕೈಯಿಂದ ಮಾಡಿದ ಸೋಪಿಗೂ ಇಂಥ ಪ್ರತ್ಯಾಮ್ಲ ಬೇಕೇಬೇಕು. ನೈಸರ್ಗಿಕ ಮತ್ತು ರಾಸಾಯನಿಕ ಎಂಬ ಎರಡು ಪೆಟ್ಟಿಗೆಗಳಲ್ಲಿ ಗಂಧದ ಸೋಪು ಯಾವುದಕ್ಕೆ ಸೇರಬೇಕು?

ಅರಿಸಿನದ ಸಾಕ್ಷ್ಯ

ತರಗತಿಯಲ್ಲಿ ಮಾಡಬಹುದಾದ ಒಂದು ಪ್ರಯೋಗವಿದೆ. ಅರಿಸಿನದ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದದ ಪಟ್ಟಿಗಳನ್ನು ಸಿದ್ಧಪಡಿಸಿಕೊಳ್ಳಿ. ಒಂದರ ಮೇಲೆ ‘ಶುದ್ಧ ನೈಸರ್ಗಿಕ’ ಎಂಬ ಹೆಸರಿನ ಸೋಪಿನ ದ್ರಾವಣ, ಇನ್ನೊಂದರ ಮೇಲೆ ಸೀಗೆಕಾಯಿಯ ಕಷಾಯ, ಮತ್ತೊಂದರ ಮೇಲೆ ನಿಂಬೆರಸದ ಹನಿ ಹಾಕಿ. ಮೊದಲನೆಯದು ಕೆಂಪಾಗುತ್ತದೆ. ಉಳಿದೆರಡು ಹಳದಿಯಾಗಿಯೇ ಇರುತ್ತವೆ. ಅರಿಸಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವಾಗ ನಡೆಯುವುದೂ ಇದೇ ಕ್ರಿಯೆ. ಪಿಎಚ್ ಸುಮಾರು 7.4 ದಾಟಿದ ಮೇಲೆ ಅರಿಸಿನ ಕೆಂಪಿನತ್ತ ತಿರುಗತೊಡಗುತ್ತದೆ.

ಆರೋಗ್ಯವಂತ ಚರ್ಮದ ಮೇಲ್ಮೈಯ ಪಿಎಚ್ ಸುಮಾರು 5. ಚರ್ಮದ ಹೊರಪದರದಲ್ಲಿ ಜೀವಕೋಶಗಳ ನಡುವೆ ಗಾರೆಯಂತೆ ಇರುವ ಕೊಬ್ಬಿನ ಅಂಶವನ್ನು ಸಿದ್ಧಪಡಿಸುವ ಕಿಣ್ವಗಳು ಈ ಆಮ್ಲೀಯ ಸ್ಥಿತಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಸಾಮಾನ್ಯ ಸೋಪಿನ ಪಿಎಚ್ 9ರಿಂದ 10. ಅದಕ್ಕೆ ಜೇನು ಬೆರೆಸಿದರೂ ಕಾಫಿಪುಡಿ ಬೆರೆಸಿದರೂ ಅದು ಪ್ರತ್ಯಾಮ್ಲವೇ. ಗಟ್ಟಿ ಚರ್ಮದವರು ಇದನ್ನು ತಾಳಿಕೊಳ್ಳುತ್ತಾರೆ. ಒಣ ಚರ್ಮದವರಿಗೆ, ಇಸುಬು ಇರುವವರಿಗೆ ಕಷ್ಟ. ಪಿಎಚ್ ಸರಿಹೊಂದಿಸಿ ಕಾರ್ಖಾನೆಯಲ್ಲಿ ತಯಾರಿಸಿದ ಸೌಮ್ಯ ಮಾರ್ಜಕವೇ ಅವರಿಗೆ ಹೆಚ್ಚು ಹಿತವಾಗಬಹುದು.

ನಿಂಬೆರಸದ್ದು ಇನ್ನೊಂದು ತುದಿ. ಅದರ ಪಿಎಚ್ ಸುಮಾರು 2ರಿಂದ 2.5. ಪಿಎಚ್ ಮಾಪನ ಲಾಗರಿದಮಿಕ್ ಆದ್ದರಿಂದ, ಚರ್ಮಕ್ಕೆ ಹೋಲಿಸಿದರೆ ಹೈಡ್ರೊಜನ್ ಅಯಾನುಗಳ ಸಾಂದ್ರತೆ 300ರಿಂದ 1,000 ಪಟ್ಟು ಹೆಚ್ಚು. ನಿಂಬೆ ಜಾತಿಯ ಹಣ್ಣುಗಳ, ಅದರಲ್ಲೂ ಸಿಪ್ಪೆಯ ರಸದಲ್ಲಿ ಫ್ಯೂರನೊಕೂಮರಿನ್ ಎಂಬ ವಸ್ತುಗಳಿರುತ್ತವೆ. ಅವು ಚರ್ಮದ ಮೇಲಿರುವಾಗ ಬಿಸಿಲಿಗೆ ಹೋದರೆ ಸುಟ್ಟ ಗಾಯದಂಥ ಬೊಕ್ಕೆಗಳೆದ್ದು, ಕಪ್ಪು ಕಲೆ ವಾರಗಟ್ಟಲೆ ಉಳಿಯಬಹುದು. ಕಲೆ ಹೋಗಲೆಂದು ಹಚ್ಚಿದ್ದೇ ಕಲೆಯನ್ನು ತರುತ್ತದೆ. ಇನ್ನು ಸೀಗೆಕಾಯಿ. ಅದರ ಸ್ಯಾಪೊನಿನ್ ನೀರಿನ ಮೇಲ್ಮೈ ಸೆಳೆತವನ್ನು ತಗ್ಗಿಸಿ ಜಿಡ್ಡನ್ನು ಬಿಡಿಸುತ್ತದೆ. ಅದು ನಿಜಕ್ಕೂ ಒಳ್ಳೆಯ ಮಾರ್ಜಕ. ಆದರೂ ಕಣ್ಣಿಗೆ ಬಿದ್ದರೆ ಹೇಗಿರುತ್ತದೆಂದು ಎಣ್ಣೆಸ್ನಾನ ಮಾಡಿಸಿಕೊಂಡ ಯಾವ ಮಗುವೂ ಹೇಳಬಲ್ಲದು.

ಮಳೆಗಾಲದ ಪಾಠ

‘ಸಂರಕ್ಷಕ ರಹಿತ’ ಎಂಬುದು ಮತ್ತೊಂದು ಹೆಮ್ಮೆಯ ಮಾತು. ಕೊಡಗಿನ ಮಳೆಗಾಲವನ್ನು ಕಂಡವರು ಇದನ್ನು ಸ್ವಲ್ಪ ಅನುಮಾನದಿಂದ ನೋಡಬೇಕು. ಜುಲೈ ತಿಂಗಳಲ್ಲಿ ಪೆಟ್ಟಿಗೆಯೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುವ ಊರು ನಮ್ಮದು.

ಸೂಕ್ಷ್ಮಜೀವಿಗಳಿಗೆ ಒಂದು ವಸ್ತುವಿನಲ್ಲಿರುವ ಒಟ್ಟು ನೀರಿಗಿಂತ ಬಳಕೆಗೆ ಸಿಗುವ ನೀರು ಮುಖ್ಯ. ಶುದ್ಧ ನೀರಿಗೆ ಇದರ ಬೆಲೆ 1 ಎಂದಿಟ್ಟುಕೊಂಡರೆ ಜೇನಿಗೆ ಸುಮಾರು 0.6. ಬಹುತೇಕ ಬ್ಯಾಕ್ಟೀರಿಯಗಳಿಗೆ 0.9ಕ್ಕಿಂತ ಹೆಚ್ಚು ಬೇಕು. ಆದ್ದರಿಂದಲೇ ಜೇನು ಕೆಡುವುದಿಲ್ಲ. ಅದೇ ಜೇನನ್ನು ಲೋಳೆಸರದ ತಿರುಳಿಗೆ ಬೆರೆಸಿದಿರೋ, ಈ ರಕ್ಷಣೆ ಹೋಯಿತು. ಲೋಳೆಸರದ ತಿರುಳಿನಲ್ಲಿ ಶೇ. 98ಕ್ಕೂ ಹೆಚ್ಚು ನೀರೇ ಇದೆ. ಅಂಥ ಮಿಶ್ರಣವನ್ನು ಸಂರಕ್ಷಕವಿಲ್ಲದೆ ತಿಂಗಳುಗಟ್ಟಲೆ ಇಟ್ಟು, ದಿನವೂ ಬೆರಳದ್ದಿ ಮುಖಕ್ಕೆ ಹಚ್ಚುವುದೆಂದರೆ ಬ್ಯಾಕ್ಟೀರಿಯಗಳನ್ನು ಸಾಕಿ ಹಚ್ಚಿದಂತೆ. ಮೊಡವೆ ಒಡೆದ ಚರ್ಮಕ್ಕೆ ಇದರಿಂದ ಸೋಂಕು ತಗುಲಬಹುದು.

ನಮ್ಮ ಹಿರಿಯರು ಕಡಲೆಹಿಟ್ಟು, ಹೆಸರುಹಿಟ್ಟು, ಸೀಗೆಪುಡಿಗಳನ್ನು ಒಣಗಿಸಿ ಇಟ್ಟುಕೊಂಡು, ಸ್ನಾನದ ಹೊತ್ತಿಗೆ ಬೇಕಾದಷ್ಟನ್ನೇ ಕಲಸುತ್ತಿದ್ದರು. ಈ ಕ್ರಮದಲ್ಲಿ ಸಂರಕ್ಷಕದ ಕೆಲಸವನ್ನು ಒಣಗಿಸುವಿಕೆಯೇ ಮಾಡುತ್ತಿತ್ತು. ಇಂದಿನ ಸಲಹೆಗಾರರು ಪುಡಿಯ ಹೆಸರನ್ನು ಉಳಿಸಿಕೊಂಡು ಕ್ರಮವನ್ನು ಕೈಬಿಟ್ಟಿದ್ದಾರೆ.

ಬಿಸಿಲಿನ ಲೆಕ್ಕ

ಚರ್ಮ ಸುಕ್ಕಾಗಲು, ಕಲೆಗಟ್ಟಲು ಬಿಸಿಲಿನ ನೇರಳಾತೀತ ಕಿರಣಗಳು ದೊಡ್ಡ ಕಾರಣ. ‘ಇಲ್ಲಿ ಸದಾ ಮೋಡ, ನಮಗೇಕೆ ಚಿಂತೆ’ ಎನ್ನುವಂತಿಲ್ಲ. ತೆಳು ಮೋಡದ ಮೂಲಕ ಶೇ. 80ರವರೆಗೂ ಈ ಕಿರಣಗಳು ಹಾದುಬರಬಲ್ಲವು. ಪ್ರತಿ 1,000 ಮೀಟರ್ ಎತ್ತರಕ್ಕೆ ಅವುಗಳ ತೀವ್ರತೆ ಸುಮಾರು ಶೇ. 10ರಷ್ಟು ಏರುತ್ತದೆ. ಮಡಿಕೇರಿಯ ಎತ್ತರವೇ ಸುಮಾರು 1,150 ಮೀಟರ್.

ಇದಕ್ಕೆ ಕೊಬ್ಬರಿ ಎಣ್ಣೆ ಸಾಕು ಎಂಬ ಸಲಹೆಯನ್ನು ಭೌತವಿಜ್ಞಾನ ಒಪ್ಪದು. ನೆಲ ಮುಟ್ಟುವ ನೇರಳಾತೀತ ಕಿರಣಗಳ ತರಂಗದೂರ ಸುಮಾರು 290ರಿಂದ 400 ನ್ಯಾನೊಮೀಟರ್. ಕೊಬ್ಬರಿ ಎಣ್ಣೆಯ ಬಹುಪಾಲು ಸಂತೃಪ್ತ ಕೊಬ್ಬಿನಾಮ್ಲಗಳ ಅಣುಗಳಿಗೆ ಈ ವ್ಯಾಪ್ತಿಯಲ್ಲಿ ಬೆಳಕನ್ನು ಹೀರುವ ಶಕ್ತಿಯಿಲ್ಲ. ಅರಿಸಿನದ ಕರ್ಕ್ಯುಮಿನ್ ಹೆಚ್ಚಾಗಿ ಹೀರುವುದು 420 ನ್ಯಾನೊಮೀಟರ್ ಆಸುಪಾಸಿನ ನೀಲಿ ಬೆಳಕನ್ನು. ಅದು ಹಳದಿಯಾಗಿ ಕಾಣುವುದೂ ಅದಕ್ಕೇ. ಸತುವಿನ ಆಕ್ಸೈಡಿನಲ್ಲಿ ಎಲೆಕ್ಟ್ರಾನು ದಾಟಬೇಕಾದ ಶಕ್ತಿಯ ಅಂತರ ಸುಮಾರು 3.3 ಎಲೆಕ್ಟ್ರಾನ್ ವೋಲ್ಟ್. 1,240ನ್ನು ಇದರಿಂದ ಭಾಗಿಸಿದರೆ 376 ನ್ಯಾನೊಮೀಟರ್. ಅದಕ್ಕಿಂತ ಗಿಡ್ಡ ತರಂಗಗಳನ್ನು ಅದು ಹೀರಿಕೊಳ್ಳುತ್ತದೆ.

ಲೇಪನದ ದಪ್ಪವೂ ಮುಖ್ಯ. ಎಸ್‌ಪಿಎಫ್ 30 ಎಂದರೆ ಚರ್ಮ ಕೆಂಪಾಗಿಸುವ ಕಿರಣಗಳಲ್ಲಿ ಮೂವತ್ತರಲ್ಲೊಂದು ಭಾಗ, ಅಂದರೆ ಶೇ. 3.3ರಷ್ಟು ಮಾತ್ರ ಒಳಹೋಗುತ್ತದೆಂದು ಅರ್ಥ. ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಅಳೆದ ಸಂಖ್ಯೆ ಇದು. ಅರ್ಧ ದಪ್ಪ ಹಚ್ಚಿದರೆ, ಸರಳ ಘಾತೀಯ ನಿಯಮದ ಪ್ರಕಾರ, 30ರ ವರ್ಗಮೂಲ, ಅಂದರೆ ಸುಮಾರು 5.5 ಮಾತ್ರ ಉಳಿಯುತ್ತದೆ. ಹೀಗಿರುವಾಗ ಕಾಫಿ ತೋಟದ ಕೆಲಸಗಾರ ಮಹಿಳೆಯರು ಸೀರೆಯ ಮೇಲೆ ತೊಡುವ ತುಂಬುತೋಳಿನ ಅಂಗಿ, ತಲೆಗೆ ಕಟ್ಟುವ ವಸ್ತ್ರ ಇವೇ ಅಗ್ಗದ, ನಂಬಬಹುದಾದ ರಕ್ಷಣೆ. ಯಾವ ಸೌಂದರ್ಯ ಪುಟವೂ ಇದನ್ನು ದಿನಚರಿಯಲ್ಲಿ ಸೇರಿಸಿದಂತಿಲ್ಲ.

ಪಾದರಸವೂ ನೈಸರ್ಗಿಕ

ಇಲ್ಲಿಯವರೆಗಿನದು ಚರ್ಮದ ಮೇಲಿನ ತೊಂದರೆ. ಮುಂದಿನದು ಅದಕ್ಕಿಂತ ಗಂಭೀರ. ಇಂಗಳೀಕ ಎಂಬ ಖನಿಜ ಪಾದರಸದ ಸಲ್ಫೈಡು; ಅಪ್ಪಟ ನೈಸರ್ಗಿಕ. ಪಾದರಸದ ಲವಣಗಳು ಮೆಲನಿನ್ ಉತ್ಪತ್ತಿಯನ್ನು ತಡೆಯುವುದರಿಂದ ಕೆಲವರು ಬಿಳುಪಿನ ಕ್ರೀಮುಗಳಿಗೆ ಅವನ್ನು ಸೇರಿಸುತ್ತಾರೆ. ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು 2021ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ಒಂದು ಬಗೆಯ ಮೂತ್ರಪಿಂಡ ರೋಗದ 22 ಪ್ರಕರಣಗಳನ್ನು ಪರಿಶೀಲಿಸಿದರು. ಅವುಗಳಲ್ಲಿ 15 ಒಂದು ಅಪರೂಪದ ಉಪವರ್ಗಕ್ಕೆ ಸೇರಿದ್ದವು. ಈ 15 ಮಂದಿಯಲ್ಲಿ 13 ಮಂದಿ ಬಿಳುಪಿನ ಕ್ರೀಮು ಬಳಸುತ್ತಿದ್ದರು. ಭಾರತದ 2020ರ ಕಾಂತಿವರ್ಧಕ ನಿಯಮಗಳ ಪ್ರಕಾರ, ಕಣ್ಣಿನ ಭಾಗಕ್ಕೆ ಬಳಸುವ ವಸ್ತುಗಳನ್ನು ಬಿಟ್ಟು ಉಳಿದವುಗಳಲ್ಲಿ ತಾನಾಗಿ ಸೇರಿದ ಪಾದರಸವೂ ಹತ್ತು ಲಕ್ಷದಲ್ಲಿ ಒಂದು ಭಾಗ ಮೀರಬಾರದು. ತಯಾರಕರ ವಿಳಾಸವಿಲ್ಲದ ಡಬ್ಬಿಯ ಮೇಲೆ ಎಲೆಯ ಚಿತ್ರವಿದ್ದರೆ ಕೊಳ್ಳುವವರ ಎಚ್ಚರ ಸಡಿಲುತ್ತದೆ. ‘ನೈಸರ್ಗಿಕ’ ಎಂಬ ಪದದ ನಿಜವಾದ ಅಪಾಯ ಇದು.

ಓದಬೇಕಾದದ್ದು ಡಬ್ಬಿಯ ಹಿಂಭಾಗವನ್ನು. ಶೇ. 1ಕ್ಕಿಂತ ಹೆಚ್ಚಿರುವ ಘಟಕಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ನಮೂದಿಸಬೇಕೆಂಬ ನಿಯಮವಿದೆ. ಫಿನಾಕ್ಸಿಎಥನಾಲ್ ಎಂಬ ಸಂರಕ್ಷಕಕ್ಕೆ ಗರಿಷ್ಠ ಮಿತಿಯೇ ಶೇ. 1. ಕೇಸರಿಯ ಹೆಸರು ಅದರ ನಂತರ ಬಂದಿದ್ದರೆ ಕೇಸರಿಯ ಪ್ರಮಾಣ ಶೇ. 1ಕ್ಕಿಂತ ಹೆಚ್ಚಿಲ್ಲವೆಂದು ವಿದ್ಯಾರ್ಥಿಯೇ ತೀರ್ಮಾನಿಸಬಹುದು. ಪರಿಸರಸ್ನೇಹಿ ಎಂದು ಬಿಂಬಿಸುವ ಜಾಹೀರಾತುಗಳಲ್ಲಿ ‘ಶುದ್ಧ’, ‘ನೈಸರ್ಗಿಕ’ ಎಂಬ ಪದಗಳನ್ನು ಆಧಾರವಿಲ್ಲದೆ ಬಳಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೂ 2024ರಲ್ಲಿ ಮಾರ್ಗಸೂಚಿ ಹೊರಡಿಸಿದೆ.

ಹಾಗಾದರೆ ದಿನಚರಿ ಹೇಗಿರಬೇಕು? ಜಿಡ್ಡು ತೆಗೆಯಲು ಸೌಮ್ಯವಾದ ಒಂದು ಮಾರ್ಜಕ. ಅದು ಆಗ ತಾನೇ ಕಲಸಿದ ಕಡಲೆಹಿಟ್ಟೂ ಆಗಬಹುದು. ಚರ್ಮದ ನೀರು ಆರದಂತೆ ತೆಳುವಾದ ಎಣ್ಣೆ ಅಥವಾ ಕ್ರೀಮು. ಹಗಲಿನಲ್ಲಿ ಬಿಸಿಲಿಗೆ ಮರೆ. ಹೊಸದೇನನ್ನಾದರೂ ಹಚ್ಚುವ ಮೊದಲು ಮುಂಗೈಯ ಒಳಭಾಗದಲ್ಲಿ ಕೆಲವು ದಿನ ಹಚ್ಚಿ ನೋಡುವುದು. ತುರಿಕೆ, ಕಲೆ ಮುಂದುವರಿದರೆ ಚರ್ಮವೈದ್ಯರನ್ನು ಕಾಣುವುದು. ಇಷ್ಟು ಸಾಕು. ಪ್ರೌಢಶಾಲೆಯ ಶಿಕ್ಷಕರು ಮಕ್ಕಳಿಂದ ಮನೆಯಲ್ಲಿರುವ ಖಾಲಿ ಡಬ್ಬಿಗಳನ್ನು ತರಿಸಿ, ಅರಿಸಿನದ ಪಟ್ಟಿಯೊಂದಿಗೆ ಒಂದು ಅವಧಿಯನ್ನು ಇದಕ್ಕೆ ಮೀಸಲಿಡಬಹುದು. ಮುಂಭಾಗದ ಮಾತನ್ನು ಹಿಂಭಾಗದ ಪಟ್ಟಿಯೊಡನೆ ಹೋಲಿಸಿ ಬರೆಯುವುದೇ ಅಂದಿನ ಪ್ರಯೋಗ.