ಎಂಟನೆಯವರ ಲೆಕ್ಕ

2024ರ ಪ್ಯಾರಿಸ್ ಒಲಿಂಪಿಕ್ಸ್. ಮಹಿಳೆಯರ 200 ಮೀಟರ್ ಫ್ರೀಸ್ಟೈಲ್ ಈಜಿನ ಮೊದಲ ಹೀಟ್‌ನಲ್ಲಿ, ಅಂದರೆ ಆರಂಭಿಕ ಸುತ್ತಿನ ಮೊದಲ ಗುಂಪಿನಲ್ಲಿ, ಎಲ್ಲರಿಗಿಂತ ಮುಂಚೆ ಗೋಡೆ ಮುಟ್ಟಿದವರು ಬೆಂಗಳೂರಿನ ಹದಿನಾಲ್ಕರ ಹುಡುಗಿ ಧಿನಿಧಿ ದೇಸಿಂಗು. ಸಮಯ 2 ನಿಮಿಷ 6.96 ಸೆಕೆಂಡ್. ಹೀಟ್ ಗೆದ್ದರೂ ಸೆಮಿಫೈನಲ್ ಸಿಗಲಿಲ್ಲ. ಎಲ್ಲ ಹೀಟ್‌ಗಳ ಒಟ್ಟು ಪಟ್ಟಿಯಲ್ಲಿ ಅವರದು 23ನೇ ಸ್ಥಾನ. ಮುಂದಕ್ಕೆ ಹೋಗುವವರು 16 ಮಂದಿ ಮಾತ್ರ. ಗೆದ್ದವರನ್ನು ಮನೆಗೆ ಕಳಿಸುವುದು ಯಾವ ನ್ಯಾಯ ಎಂದು ಯಾರಿಗಾದರೂ ಅನಿಸೀತು. ಓಟದಲ್ಲಾದರೆ ಹೀಗಿಲ್ಲ, 100 ಮೀಟರ್ ಓಟದ ಹೀಟ್‌ನಲ್ಲಿ ಮೊದಲ ಮೂವರಿಗೆ ಮುಂದಿನ ಸುತ್ತು ಖಚಿತ. ಆದರೆ ಓಟಗಾರರಿಗೆ ಗಾಳಿಯ ಕಾಟವಿದೆ. ಒಂದು ಹೀಟ್‌ಗೆ ಬೆನ್ನಹಿಂದಿನ ಗಾಳಿ, ಇನ್ನೊಂದಕ್ಕೆ ಎದುರುಗಾಳಿ ಬಂದರೆ ಸಮಯ ಹೋಲಿಸುವುದೇ ತಪ್ಪಾಗುತ್ತದೆ. ಕೊಳದಲ್ಲಿ ಎಲ್ಲರಿಗೂ ಒಂದೇ ನೀರು, ಒಂದೇ ಆಳ, ಹೆಚ್ಚುಕಡಿಮೆ ಒಂದೇ ತಾಪಮಾನ. ಹಾಗಾಗಿ ಇಲ್ಲಿ ಗಡಿಯಾರವನ್ನು ನಂಬಬಹುದು, ನಂಬಲೇಬೇಕು.

ಹೀಟ್‌ಗಳನ್ನು ಜೋಡಿಸುವ ಕ್ರಮ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ನಿಧಾನದ ಪ್ರವೇಶ ಸಮಯ (ಸ್ಪರ್ಧೆಗೆ ಹೆಸರು ಕೊಡುವಾಗ ತೋರಿಸಿದ ಹಿಂದಿನ ಸಮಯ) ಇರುವವರು ಮೊದಲ ಹೀಟ್‌ಗಳಲ್ಲಿ, ವೇಗಿಗಳು ಕೊನೆಯಲ್ಲಿ. ಕಡಿಮೆ ದೂರದ ಸ್ಪರ್ಧೆಗಳಲ್ಲಿ ಅತಿ ವೇಗದವರನ್ನು ಕೊನೆಯ ಮೂರು ಹೀಟ್‌ಗಳಿಗೆ ಹಂಚುತ್ತಾರೆ: ಮೊದಲನೆಯವರಿಗೆ ಕೊನೆಯ ಹೀಟ್‌ನ 4ನೇ ಲೇನ್, ಎರಡನೆಯವರಿಗೆ ಅದರ ಹಿಂದಿನ ಹೀಟ್‌ನ 4ನೇ ಲೇನ್, ಮೂರನೆಯವರಿಗೆ ಅದಕ್ಕೂ ಹಿಂದಿನದು. ಆಮೇಲೆ 5, 3, 6, 2, 7, 1, 8 ಹೀಗೆ ಇಸ್ಪೀಟು ಹಂಚಿದಂತೆ. ಅಂದರೆ ಪದಕದ ನಿಜವಾದ ಎದುರಾಳಿಗಳನ್ನು ಬೇಕೆಂದೇ ಒಬ್ಬರ ಕಣ್ಣಿಗೆ ಒಬ್ಬರು ಬೀಳದಂತೆ ಇಡಲಾಗುತ್ತದೆ. ಪಕ್ಕದ ಲೇನಿನವರನ್ನು ಸೋಲಿಸಿ ಪ್ರಯೋಜನವಿಲ್ಲ; ಇನ್ನೂ ನೀರಿಗೇ ಇಳಿಯದವರನ್ನು ಸೋಲಿಸಬೇಕು.

ಇಲ್ಲೇ ಹೀಟ್‌ನ ನಿಜವಾದ ಪರೀಕ್ಷೆ ಇರುವುದು. ಫೈನಲ್ ಕೇಳುವುದು ಎಷ್ಟು ವೇಗ ಎಂಬ ಒಂದೇ ಪ್ರಶ್ನೆ. ಹೀಟ್ ಕೇಳುವುದು ಎಷ್ಟಾದರೆ ಸಾಕು ಎಂದು. ಇದು ಮೊದಲಿನದಕ್ಕಿಂತ ಸುಲಭ ಎಂದುಕೊಂಡವರು 2012ರ ಲಂಡನ್ನಿನ ಪುರುಷರ 400 ಮೀಟರ್ ಮೆಡ್ಲೆಯನ್ನು ನೆನಪಿಸಿಕೊಳ್ಳಬೇಕು. ಈ ಸ್ಪರ್ಧೆಗೆ ಸೆಮಿಫೈನಲ್ ಇಲ್ಲ, ಎಂಟು ಮಂದಿ ನೇರ ಫೈನಲ್‌ಗೆ. ಎರಡು ಬಾರಿಯ ಚಾಂಪಿಯನ್ ಮೈಕೆಲ್ ಫೆಲ್ಪ್ಸ್ ತನ್ನ ಹೀಟ್ ಗೆದ್ದರು, ಆದರೆ ಒಟ್ಟು ಪಟ್ಟಿಯಲ್ಲಿ ಎಂಟನೆಯವರಾಗಿ ಉಳಿದುಕೊಂಡರು. ಅದೇ ಹೀಟ್‌ನಲ್ಲಿ ಅವರ ಹಿಂದೆಯೇ ಗೋಡೆ ಮುಟ್ಟಿದ ಹಂಗರಿಯ ಲಾಸ್ಲೊ ಚೆಹ್ 0.07 ಸೆಕೆಂಡ್‌ನಿಂದ ಒಂಬತ್ತನೆಯವರಾದರು. ಚೆಹ್ 2008ರಲ್ಲಿ ಇದೇ ಸ್ಪರ್ಧೆಯ ಬೆಳ್ಳಿ ಗೆದ್ದವರು. ಇಬ್ಬರೂ ಸಂಜೆಗೆಂದು ಶಕ್ತಿ ಉಳಿಸಿಕೊಂಡರು. ಒಬ್ಬರ ಅಂದಾಜು ಒಂದು ಬೆರಳಿನಷ್ಟು ಸರಿ, ಇನ್ನೊಬ್ಬರದು ಅಷ್ಟೇ ತಪ್ಪು. ಫೈನಲ್‌ನಲ್ಲಿ ಫೆಲ್ಪ್ಸ್ ನಾಲ್ಕನೆಯವರಾದರು, ಅದು ಬೇರೆ ಮಾತು.

ಹೀಟ್‌ನ ಸಮಯ ಫೈನಲ್‌ನಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಇದಕ್ಕೆ ಬಲವಾದ ಆಕ್ಷೇಪವೊಂದಿದೆ, ಅದನ್ನು ತಳ್ಳಿಹಾಕಲಾಗದು. ಟೋಕಿಯೊ ಒಲಿಂಪಿಕ್ಸ್‌ನ ಪುರುಷರ 400 ಮೀಟರ್ ಫ್ರೀಸ್ಟೈಲ್ ಹೀಟ್‌ಗಳಲ್ಲಿ ಅತಿ ವೇಗದ ಸಮಯ ಜರ್ಮನಿಯ ಹೆನ್ನಿಂಗ್ ಮ್ಯುಲ್‌ಲೈಟ್ನರ್ ಅವರದು: 3 ನಿಮಿಷ 43.67 ಸೆಕೆಂಡ್. ಮರುದಿನ ಬೆಳಗಿನ ಫೈನಲ್‌ನಲ್ಲಿ ಅವರು ನಾಲ್ಕನೆಯವರು. ಕಂಚು ಗೆದ್ದ ಅಮೆರಿಕದ ಕೀರನ್ ಸ್ಮಿತ್ ಸಮಯ 3:43.94. ಹೀಟ್‌ನ ಈಜನ್ನೇ ಮತ್ತೆ ಈಜಿದ್ದರೆ ಮ್ಯುಲ್‌ಲೈಟ್ನರ್ ಕೊರಳಿಗೆ ಪದಕ. ಚಿನ್ನ ಹೋದದ್ದು ಹೀಟ್‌ನಲ್ಲಿ 3:45.68 ಸಮಯದೊಂದಿಗೆ ಎಂಟನೆಯವರಾಗಿ ನುಸುಳಿ ಬಂದ ಟ್ಯುನೀಷಿಯದ ಹದಿನೆಂಟರ ಅಹ್ಮದ್ ಹಫ್ನಾವಿಗೆ, 3:43.36ರಲ್ಲಿ. ಎರಡು ದಿನದ ಸಮಯ ಕೂಡಿಸಿದ್ದರೆ ನ್ಯಾಯವಾಗುತ್ತಿತ್ತಲ್ಲವೇ? ನನಗೆ ಹಾಗನಿಸುವುದಿಲ್ಲ. ಕೂಡಿಸಿದರೆ ಅದು 800 ಮೀಟರ್‌ನ ಬೇರೊಂದು ಸ್ಪರ್ಧೆ. ಹೀಟ್‌ನ ಸಮಯವನ್ನು ಅಳಿಸಿಹಾಕುವುದರಿಂದಲೇ, ಹಿಂದಿನ ದಿನ ಇಟ್ಟುಕೊಂಡದ್ದನ್ನು ಇವತ್ತು ತೆಗೆಯುವ ತಾಕತ್ತಿದೆಯೇ ಎಂದು ಗೊತ್ತಾಗುವುದು.

ಹೀಟ್‌ನ ವೇಗಕ್ಕೆ ಇನಾಮು ಏನೂ ಇಲ್ಲವೆಂದಲ್ಲ. ನಡುವಿನ ಲೇನ್ ಸಿಗುತ್ತದೆ. ಅಂಚಿನ ಲೇನ್‌ಗೆ ಗೋಡೆಗೆ ಬಡಿದ ಅಲೆ ಮರಳಿ ಬಂದು ಅಪ್ಪಳಿಸುತ್ತದೆ ಎಂಬ ಹಳೆಯ ದೂರು ಹತ್ತು ಲೇನ್‌ಗಳ ಕೊಳ ಬಂದಮೇಲೆ ಬಹುಮಟ್ಟಿಗೆ ಹೋಯಿತು. ಎಂಟು ಮಂದಿ ಈಜುವಾಗ ಎರಡೂ ಬದಿಯ ಲೇನ್ ಖಾಲಿ, ಅಲೆಯನ್ನು ಮುರಿಯಲು ಲೇನ್ ಹಗ್ಗದ ಬಿಲ್ಲೆಗಳಿವೆ. ನಡುವಿನವರಿಗೆ ಉಳಿದಿರುವ ಲಾಭ ನೋಟದ್ದು: ಉಸಿರಿಗೆಂದು ತಲೆ ತಿರುಗಿಸಿದಾಗ ಎರಡೂ ಬದಿಯ ಪ್ರತಿಸ್ಪರ್ಧಿಗಳು ಕಾಣುತ್ತಾರೆ. ಆದರೆ ಅಂಚಿನಲ್ಲಿರುವವರು ಅವರಿಗೆ ಕಾಣುವುದು ಕಷ್ಟ. 2011ರ ಶಾಂಘೈ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕೊರಿಯಾದ ಪಾರ್ಕ್ ಟೇ ಹ್ವಾನ್ ಇದೇ 400 ಮೀಟರ್ ಫ್ರೀಸ್ಟೈಲನ್ನು 1ನೇ ಲೇನ್‌ನಿಂದ ಗೆದ್ದರು.

ಇನ್ನು ಎಂಟನೇ ಸ್ಥಾನಕ್ಕೆ ಇಬ್ಬರ ಸಮಯವೂ ಸೆಕೆಂಡಿನ ನೂರನೇ ಭಾಗದವರೆಗೆ ಒಂದೇ ಆದರೆ? ಸಾವಿರನೇ ಭಾಗಕ್ಕೆ ಹೋಗುವುದಿಲ್ಲ. 1972ರ ಮ್ಯೂನಿಕ್‌ನಲ್ಲಿ ಸ್ವೀಡನ್ನಿನ ಗುನ್ನಾರ್ ಲಾರ್ಸನ್ 0.002 ಸೆಕೆಂಡ್‌ನಿಂದ ಅಮೆರಿಕದ ಟಿಮ್ ಮೆಕ್ಕೀ ಅವರನ್ನು ಹಿಂದಿಕ್ಕಿ ಮೆಡ್ಲೆ ಚಿನ್ನ ಗೆದ್ದರು. ಆ ವೇಗದಲ್ಲಿ ಅದು ಸುಮಾರು ಮೂರು ಮಿಲಿಮೀಟರ್. ಒಂದು ಲೇನಿಗೂ ಇನ್ನೊಂದಕ್ಕೂ ಉದ್ದದಲ್ಲೇ ಅಷ್ಟು ವ್ಯತ್ಯಾಸವಿರಬಹುದು. ಆಮೇಲೆ ನಿಯಮ ಬದಲಾಯಿತು. ಹಾಗಾಗಿ ಈಗ ಸರಿಸಮವಾದ ಇಬ್ಬರೂ ಸ್ವಲ್ಪ ಹೊತ್ತು ಸುಧಾರಿಸಿಕೊಂಡು, ಖಾಲಿ ಕೊಳದ ನಡುವಿನ ಎರಡು ಲೇನ್‌ಗಳಲ್ಲಿ ಪಕ್ಕಪಕ್ಕ ನಿಂತು ಮತ್ತೊಮ್ಮೆ ಜಿಗಿಯುತ್ತಾರೆ. ಆ ಒಂದು ಈಜಿನಲ್ಲಿ ಮಾತ್ರ, ಯಾರನ್ನು ಸೋಲಿಸಬೇಕೋ ಅವರು ಕಣ್ಣೆದುರೇ ಇರುತ್ತಾರೆ.